ಬಟಾಣಿ ಹಿಡಿದ ನಮ್ಮತ್ತೆ

ಕೆಂಪು ಗಾರೆ ನೆಲಕ್ಕೆ ಬಲಗೆನ್ನೆ ಒತ್ತಿ, ಮೂಗುಬೊಟ್ಟು ತಾಗದ ಹಾಗೆ ಮುಖವನ್ನು ಚೂರು ವಾರೆ ಮಾಡಿಕೊಂಡು, ಸೆರಗನ್ನು ಸೊಂಟಕ್ಕೆ ಬಿಗಿದು, ಬೀರುವಿನ ಮುಂದೆ ಬೋರಲು ಮಲಗಿರುವ ದಪ್ಪನೆಯ ಹೆಂಗಸು. ನಮ್ಮತ್ತೆ ಅಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಈ ಚಿತ್ರವೇ. ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತಿರುವ ಫೋಟೋದಲ್ಲಿ ಅವರು ರೇಷ್ಮೆ ಸೀರೆ ಉಟ್ಟು, ಸ್ಟುಡಿಯೋದವನ ಮೇಲೆ ಸಿಟ್ಟು ಬಂದವರಂತೆ ಬಿಗಿದುಕೊಂಡಿದ್ದಾರೆ. ಬಂದವರೆಲ್ಲ ಅದಕ್ಕೇ ಕೈ ಮುಗಿದು ಹೋಗುತ್ತಾರೆ. ನಾನು ಮಾತ್ರ ಮನೆ ಗುಡಿಸುವಾಗ ಬೀರುವಿನ ಮುಂದಿನ ಆ ಜಾಗಕ್ಕೆ ಬಂದರೆ ಪೊರಕೆ ಹಿಡಿದು ಸುಮ್ಮನೆ ನಿಂತುಬಿಡುತ್ತೇನೆ.

ಮೂಗುಬೊಟ್ಟಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಾವ ತೀರಿಕೊಂಡ ಮೇಲೆ ಅದನ್ನು ತೆಗೆಯಬೇಕು ಅಂತ ನೆಂಟರಿಷ್ಟರು ಒಬ್ಬರಾದ ಮೇಲೆ ಒಬ್ಬರು ಬಂದು ಕಿವಿ ಕಚ್ಚಿದರಂತೆ. ಅತ್ತೆ ಎಲ್ಲರಿಗೂ ಒಂದೇ ಉತ್ತರ ಕೊಟ್ಟರಂತೆ: “ಮೂಗು ನಂದು, ಬೊಟ್ಟು ನಮ್ಮವ್ವ ಮಾಡ್ಸಿದ್ದು. ನಮ್ಮೆಜಮಾನ್ರು ಯಾಕೆ ತಕ್ಕೊಂಡೋಯ್ತಾರೆ?” ಅಲ್ಲಿಗೆ ಆ ವಿಷಯ ಮುಗಿಯಿತು. ಅವರ ಜೊತೆ ವಾದಕ್ಕೆ ಇಳಿದವರಿಗೆ ಎರಡನೇ ಮಾತಿಗೆ ಜಾಗವೇ ಇರುತ್ತಿರಲಿಲ್ಲ.

ನಾನು ಹಾಸನದವಳು. ಅಪ್ಪ ನೌಕರಿಯಲ್ಲಿದ್ದವರು, ಬಾಡಿಗೆ ಮನೆಯಲ್ಲೇ ಬೆಳೆದೆ. ಅಮ್ಮ ಹಾಸಿಗೆ ಹಿಡಿದ ವರ್ಷ, ಮನೆಯಲ್ಲಿ ಮಾತ್ರೆ ಔಷಧಿ ಬಿಟ್ಟು ಬೇರೆ ಏನಾದರೂ ಓಡಾಡಿಕೊಂಡಿರಲಿ ಅನ್ನಿಸಿ, ಒಂದು ಹ್ಯಾಮ್‌ಸ್ಟರ್ ತಂದೆ. ನೋಡದವರಿಗೆ ಹೇಳುವುದಾದರೆ ಅದು ಇಲಿಯ ಜಾತಿಯದೇ. ಇದ್ದೂ ಇಲ್ಲದಂಥ ಮೋಟು ಬಾಲ, ಮುಷ್ಟಿಯಲ್ಲಿ ಹಿಡಿಯುವಷ್ಟು ಮೈ, ಕೊಟ್ಟ ಕಾಳನ್ನೆಲ್ಲ ಎರಡೂ ಕೆನ್ನೆಯೊಳಗೆ ತುಂಬಿಕೊಂಡು ಹೋಗಿ ಗೂಡಿನಲ್ಲಿ ಬಚ್ಚಿಡುವ ಬುದ್ಧಿ. ಅಮ್ಮ ಕೊಟ್ಟ ಮೊದಲ ಕಾಳೇ ಬಟಾಣಿಯಾದ್ದರಿಂದ ಅದಕ್ಕೆ ಬಟಾಣಿ ಅಂತಲೇ ಹೆಸರಾಯಿತು. ಲೋಟ ಹಿಡಿದುಕೊಳ್ಳಲಾಗದ ದಿನಗಳಲ್ಲೂ ಅಮ್ಮ ಸೂರ್ಯಕಾಂತಿ ಬೀಜವೊಂದನ್ನು ಎರಡು ಬೆರಳಲ್ಲಿ ಹಿಡಿದು ಪಂಜರದ ಕಡೆ ಚಾಚುತ್ತಿದ್ದಳು. ಅಮ್ಮನ ಹಳೆಯ ನೂಲಿನ ಸೀರೆಯೊಂದನ್ನು ಹರಿದು ಅದಕ್ಕೆ ಹಾಸಿಗೆ ಮಾಡಿದ್ದೆವು.

ಅಮ್ಮ ಹೋದಳು. ವರ್ಷದೊಳಗೇ ಮದುವೆಯಾಗಬೇಕು ಅಂತ ಹಿರಿಯರು ಹಟ ಹಿಡಿದರು. ಗಂಡು ಹೊಳೆನರಸೀಪುರದವರು. ಊರಾಚೆ ಸ್ವಂತ ಮನೆ, ಗದ್ದೆ, ತೆಂಗಿನ ತೋಟ, ಹಸುಗಳು, ಪೇಟೆಯಲ್ಲೊಂದು ಪಂಪ್‌ಸೆಟ್ ಅಂಗಡಿ. ನನ್ನ ಷರತ್ತು ಒಂದೇ ಆಗಿತ್ತು, ಬಟಾಣಿ ನನ್ನ ಜೊತೆ ಬರುತ್ತದೆ. ಅವರು ನಕ್ಕು ಒಪ್ಪಿದರು. ಆದರೆ ಆ ಮಹಾನುಭಾವರು ಅದನ್ನು ತಮ್ಮ ತಾಯಿಗೆ ಹೇಳಲೇ ಇಲ್ಲ.

ಹೊಸಿಲ ಮುಂದೆ ಆರತಿ ತಟ್ಟೆ ಹಿಡಿದು ನಿಂತಿದ್ದ ಅತ್ತೆ ನನ್ನ ಕೈಯಲ್ಲಿದ್ದ ಪಂಜರ ನೋಡಿದರು. ಬಗ್ಗಿ ನೋಡಿದರು. ಬಟಾಣಿಯೂ ಎದ್ದು ನಿಂತು ಅವರನ್ನು ನೋಡಿತು. “ಇದೇನ್ಲಾ ಇದು, ನಾವು ಇಲಿ ಒಡ್ಯಕ್ಕೆ ವರ್ಸೆಲ್ಲಾ ಒದ್ದಾಡ್ತೀವಿ. ನಿನ್ನೆಂಡ್ತಿ ಪಂಜರದಾಗೆ ಮಡೀಕಂಡು ತಂದವ್ಳೆ” ಅಂದರು ಮಗನಿಗೆ. ಮಗರಾಯ ತೊಲೆ ಎಣಿಸುತ್ತಾ ನಿಂತರು. ಅತ್ತೆ ಆರತಿಯನ್ನು ಮಾತ್ರ ನಿಲ್ಲಿಸಲಿಲ್ಲ. ಹೀಗಾಗಿ ನಮ್ಮಿಬ್ಬರ ಜೊತೆ ಬಟಾಣಿಗೂ ಆರತಿಯಾಯಿತು.

ಆ ಮನೆಯಲ್ಲಿ ಇಲಿಯೆಂದರೆ ವೈರಿಯೇ. ರಾಗಿ ತುಂಬಿದ ಡ್ರಮ್ಮುಗಳು, ಕೊಬ್ಬರಿ ರಾಶಿ, ಹಸುಗಳ ಬೂಸ. ಇಲಿಗೆ ಇನ್ನೇನು ಬೇಕು? ಅಟ್ಟದ ಮೇಲೆ ಪಾಷಾಣ, ಡ್ರಮ್ಮಿನ ಸಂದಿಯಲ್ಲಿ ಬೋನು, ಬೋನಿನಲ್ಲಿ ಸುಟ್ಟ ಕೊಬ್ಬರಿ ಚೂರು. ಇದೆಲ್ಲ ಅತ್ತೆಯ ಖಾತೆ, ಬೇರೆ ಯಾರೂ ಕೈ ಹಾಕುವಂತಿರಲಿಲ್ಲ. ಬಟಾಣಿಗೆ ಅವರು ಒಂದು ಗಡಿ ಹಾಕಿಕೊಟ್ಟರು. ನಮ್ಮ ಕೋಣೆ ಬಿಟ್ಟು ಅದು ಎಲ್ಲೂ ಬರಕೂಡದು, ಅದನ್ನು ಮುಟ್ಟಿದ ಕೈ ತೊಳೆಯದೆ ನಾನು ಅಡುಗೆಮನೆಗೆ ಕಾಲಿಡಕೂಡದು. ಬಟಾಣಿ ಅಂತ ಅವರು ಒಂದು ದಿನವೂ ಕರೆಯಲಿಲ್ಲ. “ನಿನ್ ಗಿರಾಕಿ ಉಂಡ್ನಾ?” ಅಂತ ಕೇಳೋರು, ಅದೂ ಬೇರೆಲ್ಲೋ ನೋಡುತ್ತಾ.

ನಾನೇನು ಕಡಿಮೆಯವಳೇ? ನಾನೂ ಮುಖ ಗಂಟು ಹಾಕಿಕೊಂಡೇ ಇದ್ದೆ. ಅಮ್ಮನ ಮಾತು ಆ ಮನೆಯಲ್ಲಿ ಎತ್ತಲೇ ಇಲ್ಲ. ಹೇಳಿದರೆ ಅಯ್ಯೋ ಪಾಪ ಅಂದುಬಿಡುತ್ತಾರೆ ಅನ್ನುವ ಬಿಗುಮಾನ.

ಅವರನ್ನು ನಾನು ಮೊದಲ ಸಲ ಬೇರೆ ಕಣ್ಣಿಂದ ನೋಡಿದ್ದು ಕೇರೆಹಾವು ಬಂದ ದಿನ. ಕೊಬ್ಬರಿ ಕೋಣೆಯಲ್ಲಿ ಮಾರುದ್ದದ ಹಾವು ಗೋಡೆಗುಂಟ ಹರಿಯುತ್ತಿತ್ತು. ನಾನು ಕಿರುಚಿದ್ದಕ್ಕೆ ಆಳುಗಳು ದೊಣ್ಣೆ ಹಿಡಿದು ಓಡಿ ಬಂದರು. ಅತ್ತೆ ದೊಣ್ಣೆಗಳನ್ನೆಲ್ಲ ಇಸಿದುಕೊಂಡು ಮೂಲೆಗೆ ಎಸೆದರು. ಒಳಗಿನ ಬಾಗಿಲು ಮುಚ್ಚಿ, ಅದರಡಿಯ ಸಂದಿಗೆ ಗೋಣಿ ತುರುಕಿ, ತೋಟದ ಕಡೆಯ ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆದು, ನಮ್ಮನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿದರು. ಅದಕ್ಕೂ ಆಚೆ ಹೋಗಲು ದಾರಿ ಬೇಕಲ್ಲ, ನಾವೇ ಅಡ್ಡ ನಿಂತರೆ ಅದು ಎಲ್ಲಿ ಹೋಗಬೇಕು ಅಂತ ಅವರ ವಾದ. ನಾಗರಹಾವಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದೆ. ಬಾಗಿಲು ಹಾಕಿಕೊಂಡು ಹಿಡಿಯುವವರಿಗೆ ಫೋನ್ ಮಾಡುತ್ತಿದ್ದೆ, ನನಗೇನು ಹುಚ್ಚೇ ಅಂದರು. ಸ್ವಲ್ಪ ಹೊತ್ತಿಗೆ ಕೇರೆ ಅದರ ಪಾಡಿಗೆ ತೋಟದ ಕಡೆ ಹೊರಟುಹೋಯಿತು. ಅತ್ತೆ ಎದ್ದು ಹೋಗಿ ನಿಂತುಹೋಗಿದ್ದ ಸೊಪ್ಪು ಬಿಡಿಸುವ ಕೆಲಸ ಮುಂದುವರಿಸಿದರು.

ಮದುವೆಯಾಗಿ ಬಂದ ವರ್ಷವೇ ಹಿರಿಯರ ಹಬ್ಬ ಬಂತು. ಪಿತೃಪಕ್ಷದ ಅಮಾವಾಸ್ಯೆಯಂದು ಮನೆಯಲ್ಲಿ ತೀರಿಹೋದವರಿಗೆ ಅವರವರು ಇಷ್ಟಪಡುತ್ತಿದ್ದ ತಿನಿಸುಗಳನ್ನೆಲ್ಲ ಮಾಡಿ, ಬಾಳೆಲೆಯಲ್ಲಿ ಎಡೆ ಇಟ್ಟು, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಹೊರಗೆ ಬಂದು ಕೂರುತ್ತೇವೆ. ಹಿರಿಯರು ಬಂದು ಉಣ್ಣಲಿ ಅಂತ. ಅವರ ಊಟವಾದ ಮೇಲೆ ನಮ್ಮ ಊಟ. ಆ ಮನೆಯಲ್ಲಿ ಎಡೆ ಇಡುತ್ತಿದ್ದುದು ಮಾವ ಮಲಗುತ್ತಿದ್ದ ಕೋಣೆಯಲ್ಲಿ.

ಮಾವನನ್ನು ನಾನು ನೋಡಿಲ್ಲ. ನನ್ನ ಗಂಡ ಹೇಳಿದ್ದಷ್ಟೇ ಗೊತ್ತು. ಅವರಿಗೆ ಉಪ್ಪು ಹಾಕಿ ಹುರಿದ ಕಡಲೆಕಾಯಿಬೀಜವೆಂದರೆ ಪ್ರಾಣ. ಕೋಟಿನ ಜೇಬಿನಲ್ಲಿ ಸದಾ ಇರಬೇಕು. ಬಿ.ಪಿ. ಹೆಚ್ಚಾಗಿ ಡಾಕ್ಟರು ಉಪ್ಪು ಬಿಡಿಸಿದ ಮೇಲೆ ಅತ್ತೆ ಅದನ್ನು ಬಚ್ಚಿಡತೊಡಗಿದರು. ಕೊನೆಯ ಸಂಜೆ ಅವರು ಒಂದೇ ಒಂದು ಹಿಡಿ ಕೊಡು ಅಂತ ಕೇಳಿದರಂತೆ. ಅತ್ತೆ ನಾಳೆ ನೋಡೋಣ ಅಂದರಂತೆ. ಆ ನಾಳೆಯನ್ನು ಮಾವ ನೋಡಲಿಲ್ಲ. ಅಲ್ಲಿಂದ ಪ್ರತಿ ಹಬ್ಬದಲ್ಲೂ ಅತ್ತೆ ಮಾವನ ಎಲೆಯಲ್ಲಿ ಕಡಲೆಬೀಜವನ್ನು ಗುಡ್ಡೆ ಹಾಕುತ್ತಿದ್ದರಂತೆ, ಬಾಗಿಲು ತೆರೆದಾಗ ಅದು ಹಾಗೇ ಇರುತ್ತಿತ್ತಂತೆ, ಹಾಗೇ ಎತ್ತಿ ಹಸುವಿಗೆ ಹಾಕಿ ಇಡೀ ದಿನ ಮಾತಿಲ್ಲದೆ ಇರುತ್ತಿದ್ದರಂತೆ. ನಿಮ್ಮಪ್ಪನಿಗೆ ನನ್ನ ಮೇಲೆ ಇನ್ನೂ ಕೋಪ ಹೋಗಿಲ್ಲ ಅಂತ ಒಂದು ಸಲ ಮಗನ ಹತ್ತಿರ ಅಂದಿದ್ದರಂತೆ.

ಹಬ್ಬದ ಹಿಂದಿನ ದಿನ ಮನೆಯೆಲ್ಲ ತೊಳೆಯುವ ಸಂಭ್ರಮ. ಚಾಪೆ, ಚಾದರ, ಪಾತ್ರೆ, ಮಣೆ, ಎಲ್ಲ ಅಂಗಳಕ್ಕೆ ಬಂತು. ನಾನು ಹಿಟ್ಟು ಬೀಸಿಸಿಕೊಂಡು ಬರಲು ಮಿಲ್ಲಿಗೆ ಹೋಗಿದ್ದೆ. ಹಬ್ಬದ ಮನೆಯಲ್ಲಿ ಅದೊಂದು ಯಾಕೆ ಕೊಳಕಾಗಿರಬೇಕು ಅಂದುಕೊಂಡ ಅತ್ತೆ, ಬಟಾಣಿಯನ್ನು ಒಂದು ಬಕೆಟ್ಟಿಗೆ ಬಿಟ್ಟು, ಪಂಜರದೊಳಗಿನ ಬಟ್ಟೆ ಹೊಟ್ಟು ಎಲ್ಲವನ್ನೂ ತಿಪ್ಪೆಗೆ ಸುರಿದು, ಪಂಜರವನ್ನು ಫಿನಾಯಿಲ್ ಹಾಕಿ ಉಜ್ಜಿ ಬಿಸಿಲಿಗಿಟ್ಟಿದ್ದರು. ಒಣಗಿದ ಮೇಲೆ ಗಿರಾಕಿಯನ್ನು ವಾಪಸು ಬಿಟ್ಟಿದ್ದರು. ಆದರೆ ಪಂಜರದ ಚಿಲಕ ಸಡಿಲ, ಹಾಕಿದ ಮೇಲೂ ತಂತಿಯನ್ನು ಮತ್ತೆ ಬಿಗಿಯಾಗಿ ಸುತ್ತಬೇಕು ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ನಾನು ಬಂದು ನೋಡುವಾಗ ಬಾಗಿಲು ತೆರೆದಿತ್ತು, ಪಂಜರ ಖಾಲಿ.

ಮನೆ ತುಂಬ ಪಾಷಾಣ, ಬೋನು, ಪಕ್ಕದ ಮನೆಯ ಬೆಕ್ಕು ಬೇರೆ. ಅದಕ್ಕಿಂತ ಹೆಚ್ಚಾಗಿ ಅಮ್ಮನ ಸೀರೆ ತಿಪ್ಪೆಯಲ್ಲಿತ್ತು. ಅಮ್ಮನ ಕೈಯಿಂದ ತಿಂದಿದ್ದ ಜೀವ ಅದೊಂದೇ ಉಳಿದಿತ್ತು ಭೂಮಿಯ ಮೇಲೆ. ನಾನು ಜಗಳಕ್ಕೂ ನಿಲ್ಲಲಿಲ್ಲ, ಕೋಣೆಯ ಬಾಗಿಲಿಗೆ ಒರಗಿ ಕೂತು ಜೋರಾಗಿ ಅತ್ತುಬಿಟ್ಟೆ.

ಅತ್ತೆ ಬಂದು ನೋಡಿದರು. ನೇರ ಅಟ್ಟ ಹತ್ತಿದರು. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಏಣಿ ಕಿರುಗುಟ್ಟುವಂತೆ ಹತ್ತಿ, ಇಟ್ಟಿದ್ದ ಪಾಷಾಣವನ್ನೆಲ್ಲ ಒಂದೂ ಬಿಡದೆ ಆರಿಸಿ ತಂದರು. ಬೋನುಗಳನ್ನು ಮುಚ್ಚಿದರು. ಹೊರಗಿನ ಬಾಗಿಲು ಕಿಟಕಿಗಳನ್ನು ಹಾಕಿಸಿದರು, ಹಳೇ ಸೀರೆಗಳನ್ನು ಸುರುಳಿ ಮಾಡಿ ಬಾಗಿಲುಗಳಡಿ ತುರುಕಿದರು. ಮಿಕ್ಸಿ ಬಂದ್, ಟಿವಿ ಬಂದ್. ಬೀರು ಜರುಗಿಸಲು ಹೋದ ಮಗನ ಕೈ ಹಿಡಿದು ನಿಲ್ಲಿಸಿದರು. “ಜರುಗಿಸ್ಬ್ಯಾಡ ಕಣ್ಲಾ. ಅಡೀಲಿದ್ರೆ ಜಜ್ಜೋಯ್ತದೆ.” ಆಮೇಲೆ ತಾವೇ ನೆಲದ ಮೇಲೆ ಮಲಗಿ, ಕೆನ್ನೆ ನೆಲಕ್ಕೊತ್ತಿ, ಟಾರ್ಚ್ ಬಿಟ್ಟು ನೋಡಿದರು. ಹೀಗೇ ಬೀರು, ಮಂಚ, ಹೊಲಿಗೆ ಮಿಷನ್ನು, ಡ್ರಮ್ಮುಗಳು, ಒಂದೊಂದರ ಮುಂದೂ ಮಲಗಿ ಎದ್ದರು. ಎದ್ದಾಗಲೆಲ್ಲ ಕೆನ್ನೆಯ ಮೇಲೆ ನೆಲದ ಧೂಳು. ನನಗೆ ಅಳುವಿನ ನಡುವೆಯೇ ನಾಚಿಕೆಯಾಯಿತು, ನಾನೂ ಅವರ ಪಕ್ಕ ಮಲಗಿದೆ.

ಸಿಗಲಿಲ್ಲ. ಮಲಗುವ ಮುಂಚೆ ಅತ್ತೆ ಎಲ್ಲ ಹೊಸಿಲುಗಳ ಬಳಿ ರಾಗಿಹಿಟ್ಟನ್ನು ತೆಳ್ಳಗೆ ಉದುರಿಸಿದರು. ಯಾವ ಕಡೆ ಹೋಗಿದೆ ಅಂತ ಹೆಜ್ಜೆಯಾದರೂ ಹೇಳಲಿ ಅಂತ. ಹೆಜ್ಜೆಯೇನೋ ಮೂಡಿತ್ತು, ನಡುಮನೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಗುರುತು. ಆದರೆ ಅದು ಎತ್ತ ತಿರುಗಿತು ಅಂತ ನೋಡುವಷ್ಟರಲ್ಲಿ, ಬೆಳಗಿನ ಜಾವ ತ್ರೀಫೇಸ್ ಕರೆಂಟು ಬಂತೆಂದು ಮೋಟಾರು ಹಾಕಲು ಎದ್ದು ಹೋಗಿದ್ದ ನನ್ನ ಗಂಡ, ವಾಪಸು ಬರುವಾಗ ಕೆಸರುಗಾಲಲ್ಲಿ ಅದರ ಮೇಲೇ ನಡೆದು ಬಂದಿದ್ದರು. ಆ ಬೆಳಿಗ್ಗೆ ಅವರಿಗೆ ತಾಯಿಯಿಂದ ಆದ ಮಂಗಳಾರತಿಯನ್ನು ಇಲ್ಲಿ ಬರೆಯಲಾಗದು.

ಹಬ್ಬ ನಿಲ್ಲಿಸುವ ಹಾಗಿಲ್ಲ. ಹತ್ತಿರದ ನೆಂಟರೆಲ್ಲ ಬಂದರು. ನಾನು ಒಬ್ಬಟ್ಟಿಗೆ ಕಣಕ ನಾದುತ್ತಾ ಕಿವಿಯನ್ನು ಗೋಡೆಗೇ ಇಟ್ಟಿದ್ದೆ. ಮಧ್ಯಾಹ್ನ ಮಾವನ ಕೋಣೆಯಲ್ಲಿ ಎಡೆ ಇಟ್ಟರು. ಮಾವನ ಅಪ್ಪ ಅಮ್ಮನಿಗೆ ಒಂದೊಂದು ಎಲೆ, ಮಾವನಿಗೆ ಒಂದು. ಕೊನೆಯಲ್ಲಿ ಅತ್ತೆ ಬಿಸಿ ಬಿಸಿ ಕಡಲೆಬೀಜವನ್ನು ಬೊಗಸೆಯಲ್ಲಿ ತಂದು ಮಾವನ ಎಲೆಯ ತುದಿಗೆ ಸುರಿದರು. ಕಿಟಕಿ ಮುಚ್ಚಿ, ದೀಪ ಸಣ್ಣಗೆ ಮಾಡಿ, ಬಾಗಿಲೆಳೆದುಕೊಂಡು ಬಂದೆವು.

ಸಾಕಷ್ಟು ಹೊತ್ತಾದ ಮೇಲೆ ಅತ್ತೆ ಬಾಗಿಲು ತಟ್ಟಿ ತೆರೆದರು. ಅವರ ಹಿಂದೆ ನಾನು, ನನ್ನ ಹಿಂದೆ ನೆಂಟರು. ಒಬ್ಬಟ್ಟು, ಕಜ್ಜಾಯ, ಸಾರು, ಎಲ್ಲವೂ ಇಟ್ಟ ಹಾಗೇ ಇತ್ತು. ಕಡಲೆಬೀಜವಿದ್ದ ಜಾಗ ಮಾತ್ರ ಖಾಲಿ. ಒಂದು ಬೀಜವಿಲ್ಲ, ಚೂರಿಲ್ಲ, ಪುಡಿಯಿಲ್ಲ. ಮನೆಯ ಇಲಿಯಾದರೆ ಅಲ್ಲೇ ಕೂತು ಕಡಿದು ಚೆಲ್ಲಾಡುತ್ತಿತ್ತು. ಕೆನ್ನೆಯಲ್ಲಿ ತುಂಬಿಕೊಂಡು ಸಾಗಿಸಿದವರು ಯಾರು ಅಂತ ನನಗೆ ತಕ್ಷಣ ಗೊತ್ತಾಯಿತು. ಬಾಯಿ ತೆರೆದವಳು ಅತ್ತೆಯ ಮುಖ ನೋಡಿ ಹಾಗೇ ಮುಚ್ಚಿಕೊಂಡೆ.

ಅವರು ಆ ಖಾಲಿ ಜಾಗವನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ತುಂಬಿತ್ತು. “ಬಂದಿದ್ರು” ಅಂದರು. ಅಷ್ಟೇ. ಹಿಂದಿದ್ದ ಹೆಂಗಸರು ಸೆರಗು ಮುಖಕ್ಕೆ ಹಿಡಿದರು. ಮಾವನ ತಮ್ಮ ನೆಲಕ್ಕೆ ಹಣೆ ಹಚ್ಚಿ ನಮಸ್ಕಾರ ಮಾಡಿದರು. ಅತ್ತೆ ಎಲೆಗಳನ್ನು ತಾವೇ ಎತ್ತಿ ಹೊರಗೆ ಕೊಟ್ಟು, ಇವತ್ತು ಯಾರೂ ಒಳಗೆ ಹೋಗುವುದು ಬೇಡ, ಇನ್ನೂ ಇದ್ದರೂ ಇದ್ದಾರು ಅಂತ ಹೇಳಿ ಬಾಗಿಲು ಹಾಕಿ, ಅದರ ಮುಂದೆಯೇ ಮಣೆ ಹಾಕಿಕೊಂಡು ಕೂತರು.

ನನ್ನ ಸಂಕಟ ಯಾರಿಗೆ ಹೇಳಲಿ? ಬಟಾಣಿ ಬದುಕಿದೆ, ಈ ಬಾಗಿಲ ಆಚೆಯೇ ಇದೆ. ಆದರೆ ಹೇಳಿದರೆ, ಗಂಡ ಕೊನೆಗೂ ಕ್ಷಮಿಸಿ ಬಂದು ಉಂಡು ಹೋದರು ಅಂತ ನಂಬಿರುವ ಈ ಹೆಂಗಸಿನ ನೆಮ್ಮದಿಯನ್ನು ನಾನೇ ಕಿತ್ತುಕೊಂಡ ಹಾಗೆ. ನನಗೆ ಅಮ್ಮನ ನೆನಪು ಎಷ್ಟೋ ಅವರಿಗೆ ಮಾವ ಅಷ್ಟೇ ಅಲ್ಲವೇ. ನೆಂಟರೆಲ್ಲ ಊಟದುದ್ದಕ್ಕೂ ಮಾವನ ಬಗ್ಗೆಯೇ ಮಾತಾಡಿದರು. ಸಂಜೆ ಎಲ್ಲರೂ ಹೊರಟರು. ನಾನು ಹೇಳಬಾರದು ಅಂತಲೇ ತೀರ್ಮಾನ ಮಾಡಿದೆ. ಹಿತ್ತಿಲ ಮೆಟ್ಟಿಲ ಮೇಲೆ ಕೂತು ಮನಸ್ಸಿನಲ್ಲೇ ಬಟಾಣಿಗೆ ಹೋಗಿ ಬಾ ಅಂದೆ.

ಆಗ ಅತ್ತೆ ತಿಪ್ಪೆಯ ಕಡೆಯಿಂದ ಬಂದರು. ಹಬ್ಬದ ದಿನ, ತಲೆಗೆ ಸ್ನಾನ ಮಾಡಿ ಉಟ್ಟ ಹೊಸ ಸೀರೆಯಲ್ಲಿ, ಮೊಣಕೈವರೆಗೆ ಕಸ ಮೆತ್ತಿಕೊಂಡು. ಕೈಯಲ್ಲಿ ಅಮ್ಮನ ಸೀರೆಯ ಚೂರುಗಳು, ಒಂದಷ್ಟು ಹೊಟ್ಟು. ಅದನ್ನೆಲ್ಲ ಪಂಜರದೊಳಗೆ ಹಾಸಿ, “ಬಾ” ಅಂದರು.

ಮಾವನ ಕೋಣೆಗೆ ಕರೆದುಕೊಂಡು ಹೋಗಿ ಒಳಗಿನಿಂದ ಬಾಗಿಲು ಹಾಕಿ, ಅದರಡಿಗೆ ಸೀರೆ ತುರುಕಿದರು. ಪಂಜರವನ್ನು ಗೋಡೆಯ ಬುಡದಲ್ಲಿ ಬಾಗಿಲು ತೆರೆದಿಟ್ಟು ಎರಡು ಸೂರ್ಯಕಾಂತಿ ಬೀಜ ಹಾಕಿದರು. ಇಬ್ಬರೂ ಎದುರು ಗೋಡೆಗೆ ಒರಗಿ ಕೂತೆವು. ಹೊರಗೆ ಕತ್ತಲಾಗುತ್ತಿತ್ತು, ದೀಪ ಹಾಕಲಿಲ್ಲ.

ನಿಮಗೆ ಆಗಲೇ ಗೊತ್ತಿತ್ತಾ ಅಂತ ಪಿಸುಗುಟ್ಟಿದೆ.

“ನಿಮ್ಮಾವ ಬೀಜದ ಸಿಪ್ಪೆ ಉಜ್ಜಿ ಉಜ್ಜಿ ಊದೋರು ಕಣೆ. ಮನೆ ತುಂಬಾ ಕೆಂಪು ಸಿಪ್ಪೆ ಆರ್ತಿತ್ತು, ನಾನು ಬೈಕಂಡು ಗುಡುಸ್ತಿದ್ದೆ. ಎಲೆ ಮ್ಯಾಲೆ ಒಂದ್ ಸಿಪ್ಪೆ ಇತ್ತಾ?”

ಹಾಗಿದ್ದ ಮೇಲೆ ಎಲ್ಲರೆದುರು ಹಾಗೇಕೆ ಅಂದಿರಿ ಅಂದೆ.

“ಇಲಿ ಅಂದಿದ್ರೆ ಅಷ್ಟೂ ಜನ ಪೊರಕೆ ತಕಂಡು ಒಳಿಕ್ ನುಗ್ಗೋರು. ನಿನ್ ಗಿರಾಕಿ ಉಳೀತಿತ್ತಾ?” ಅಂದರು. ಆಮೇಲೆ, ನನಗಲ್ಲ, ಎದುರಿನ ಗೋಡೆಗೆ ಹೇಳುವ ಹಾಗೆ ಹೇಳಿದರು: “ಅದೂ ಅಲ್ದೆ, ಆ ಜಾಗ ಖಾಲಿ ಇದ್ದದ್ದು ನೋಡಿ ಜೀವಕ್ಕೆ ಅಂಗೇ ತಣ್ಣಗಾಯ್ತು. ಯಾರೋ ಒಬ್ರು ತಿಂದ್ರಲ್ಲ.”

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ. ಒಂದು ಇಲಿಗಾಗಿ ನೀನು ಯಾಕೆ ಹಾಗೆ ಅತ್ತುಬಿಟ್ಟೆ ಅಂತ ಕೇಳಿದರು. ಆ ಕತ್ತಲಲ್ಲಿ ನಾನು ಮೊದಲ ಸಲ ಆ ಮನೆಯಲ್ಲಿ ಅಮ್ಮನ ಹೆಸರೆತ್ತಿದೆ. ಅಮ್ಮನ ಕಾಯಿಲೆ, ಎರಡು ಬೆರಳಿನ ಬೀಜ, ತಿಪ್ಪೆಗೆ ಹೋದ ಸೀರೆ ಯಾರದು ಅಂತ, ಎಲ್ಲ ಹೇಳಿದೆ. ಅತ್ತೆ ಅಯ್ಯೋ ಪಾಪ ಅನ್ನಲಿಲ್ಲ. ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಆಮೇಲೆ ಸದ್ದಾಯಿತು. ಗೂಟಕ್ಕೆ ನೇತುಹಾಕಿದ್ದ ಮಾವನ ಹಳೇ ಉಣ್ಣೆ ಕೋಟು ಕೆಳಗೆ ಟ್ರಂಕಿನ ಮೇಲೆ ಜೋತು ಬಿದ್ದಿತ್ತು. ಅದರ ಜೇಬಿನಲ್ಲಿ ಏನೋ ಮಿಸುಕಿತು. ನಾನು ಎದ್ದು ಹಾರಲಿದ್ದೆ, ಅತ್ತೆ ಕೈ ಜಗ್ಗಿ ಕೂರಿಸಿದರು. ಹೊರಗೆ ಬಂದ ಬಟಾಣಿ ಟ್ರಂಕಿನ ಮೇಲಿಂದ ಇಳಿದು, ಗೋಡೆಗುಂಟ ಓಡಿ, ನಿಂತು ಮೂಸಿತು. ಮತ್ತೆ ಓಡಿತು, ಮತ್ತೆ ಮೂಸಿತು. ಅಮ್ಮನ ಸೀರೆಯ ಹತ್ತಿರ ಬಂದದ್ದೇ, ತನ್ನ ಮನೆಗೆ ತಾನು ಹೋಗಲು ಯಾರ ಅಪ್ಪಣೆ ಬೇಕು ಅನ್ನುವ ಹಾಗೆ ಒಳಗೆ ನಡೆದು ಬಟ್ಟೆಯಡಿ ನುಸುಳಿತು. ಅತ್ತೆ ತೆವಳಿಕೊಂಡು ಹೋಗಿ ಪಂಜರದ ಬಾಗಿಲು ಹಾಕಿದರು, ತಂತಿ ಸುತ್ತುವುದು ಹೇಗೆ ಅಂತ ನನ್ನಿಂದ ತೋರಿಸಿಕೊಂಡರು. ಕೋಟಿನ ಜೇಬಿನಲ್ಲಿ ಕಡಲೆಬೀಜದ ರಾಶಿಯೇ ಇತ್ತು. ಅತ್ತೆ ಅದನ್ನು ತೆಗೆಯಲು ಬಿಡಲಿಲ್ಲ, ಇರಲಿ ಅಂದರು.

ಅಲ್ಲಿಂದ ಮುಂದಿನದನ್ನು ಹೇಳಲು ಕೂತರೆ ಮುಗಿಯುವುದಿಲ್ಲ. ಬಟಾಣಿಯ ಗಡಿ ಕೋಣೆಯಿಂದ ನಡುಮನೆಗೆ ಬಂತು. ಸಂಜೆ ತಮಗಿಷ್ಟವೆಂದು ಬೇಕರಿಯಿಂದ ತರಿಸಿದ ಖಾರಾಬನ್ನಿನ ಮೆತ್ತನೆಯ ಒಳಭಾಗವನ್ನು ಒಂದು ಚೂರು ಅದಕ್ಕೆ ಎತ್ತಿಡುತ್ತಿದ್ದರು, ಖಾರ ತಾಗಿದ್ದರೆ ಊದಿ ತೆಗೆದು. ಬೇಡ ಅತ್ತೆ ಅಂದರೆ ಕೇಳುವವರಲ್ಲ. ಚನ್ನರಾಯಪಟ್ಟಣದ ನಮ್ಮ ನಾದಿನಿಯ ಮನೆಯಲ್ಲಿ ಸಾಕಿದ್ದ ಬಿಳಿ ಇಲಿ ತಪ್ಪಿಸಿಕೊಂಡಾಗ ಫೋನಿನಲ್ಲೇ ಹಿಡಿಸಿದರು. ಏನನ್ನೂ ತೊಳೆಯಬೇಡ, ಪಂಜರವನ್ನು ಇದ್ದ ಜಾಗದಲ್ಲೇ ನೆಲಕ್ಕಿಡು, ಬೆಕ್ಕನ್ನು ಹೊರಗೆ ಹಾಕು, ದೀಪ ಆರಿಸಿ ಬಾಯಿ ಮುಚ್ಚಿಕೊಂಡು ಕೂತುಕೋ ಅಂತ ಇಡೀ ಬೀದಿಗೆ ಕೇಳುವ ಗಂಟಲಲ್ಲಿ ಹೇಳಿದ್ದನ್ನು ಕೇಳಿ ನಾನು ಬಿದ್ದು ಬಿದ್ದು ನಕ್ಕೆ. ಇಲಿ ಸಿಕ್ಕಿತು ಅಂತ ಮರಳಿ ಫೋನ್ ಬಂದಾಗ ಅವರಿಗಾದ ಜಂಭ ಅಷ್ಟಿಷ್ಟಲ್ಲ. ಅರಕಲಗೂಡಿನ ತಮ್ಮ ತವರಿಗೂ ಫೋನ್ ಮಾಡಿ ಹೇಳಿಕೊಂಡರು.

ಬಟಾಣಿ ಮುಂದಿನ ಬೇಸಿಗೆಯಲ್ಲಿ ವಯಸ್ಸಾಗಿ, ಮಲಗಿದ್ದ ಹಾಗೇ ಹೋಯಿತು. ನಾನು ಅಂದುಕೊಂಡಷ್ಟು ಅಳಲಿಲ್ಲ, ಅತ್ತೆಯೇ ಅತ್ತರು. ಅಮ್ಮನ ಸೀರೆಯ ಚೂರಿನಲ್ಲಿ ಸುತ್ತಿ ತೆಂಗಿನ ಮರದ ಬುಡದಲ್ಲಿ ಹೂಳಿದೆವು.

ಆ ವರ್ಷದ ಹಿರಿಯರ ಹಬ್ಬದಲ್ಲಿ ಅತ್ತೆ ಎಡೆಗೆ ಒಂದು ಎಲೆ ಹೆಚ್ಚಿಗೆ ಹಾಕಿದರು. ಯಾರದು ಅಂತ ಮಾವನ ತಮ್ಮ ಕೇಳಿದರು. ಬೀಗಿತ್ತಿಯದು, ಇವಳ ತಾಯಿಯದು ಅಂದರು ಅತ್ತೆ. ಅಲ್ಲಿ ದೊಡ್ಡ ಮಾತೇ ಆಯಿತು. ಬೇರೆ ಮನೆಯ ಹಿರಿಯರಿಗೆ ನಮ್ಮ ಮನೆಯಲ್ಲಿ ಎಡೆ ಇಡುವ ಪದ್ಧತಿಯೇ ಇಲ್ಲ, ಅದು ಅವರ ಮನೆಯವರು ಮಾಡಬೇಕಾದ್ದು, ನಮ್ಮ ಹಿರಿಯರು ಮುನಿಸಿಕೊಂಡು ಎದ್ದು ಹೋದರೆ ಏನು ಗತಿ ಅಂತ ಆಳಿಗೊಂದು ಅಂದರು. ನಾನು ಬೇಡ ಅತ್ತೆ, ನನ್ನಿಂದ ಜಗಳ ಬೇಡ ಅಂತ ಸೆರಗು ಹಿಡಿದು ಎಳೆದೆ. ಅವರು ಕೇಳಿಸಿಕೊಳ್ಳಲಿಲ್ಲ. ಎಲೆಗೆ ನೀರು ಚಿಮುಕಿಸಿ ಒರೆಸುತ್ತಲೇ ಹೇಳಿದರು:

“ಅವ್ರಮ್ಮ ಸಾಕಿದ್ ಜೀವ ಬಂದು ನನ್ ಗಂಡನ್ ಎಲೆ ಖಾಲಿ ಮಾಡ್ತು. ಆಯಮ್ಮುಂಗೆ ಒಂದ್ ಎಲೆ ಆಕ್ದೆ ನಾನು ಎಂಗ್ ಉಣ್ಣಲಿ?”

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಿದ್ದು ನನಗೊಬ್ಬಳಿಗೇ. ಅಮ್ಮನಿಗೆ ಏನಿಷ್ಟ ಅಂತ ನನ್ನನ್ನು ಕೇಳಿ, ಅವಲಕ್ಕಿ ಒಗ್ಗರಣೆ ಅಂತ ತಿಳಿದು, ಹಬ್ಬದ ಅಡುಗೆಯ ನಡುವೆ ಅದನ್ನೂ ತಾವೇ ಮಾಡಿ ಆ ಎಲೆಗೆ ಬಡಿಸಿದರು. ತಾಯಿ ಇಲ್ಲದವಳಿಗೆ ತಾಯಿಯಾಗುತ್ತೇನೆ ಅಂತ ಹೇಳಿಕೊಳ್ಳುವ ಅತ್ತೆಯಂದಿರನ್ನು ನಾನು ನೋಡಿದ್ದೇನೆ. ನಮ್ಮತ್ತೆ ಹಾಗೆ ಒಂದು ದಿನವೂ ಅನ್ನಲಿಲ್ಲ. ನನ್ನ ತಾಯಿಯನ್ನು ನನಗೇ ಉಳಿಸಿಕೊಟ್ಟು, ತಮ್ಮ ಮನೆಯ ಹಿರಿಯರ ಸಾಲಿನಲ್ಲಿ ಕೂರಿಸಿದರು. ಈ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ? ಅಲ್ಲಿಂದ ಪ್ರತಿ ವರ್ಷ ಆ ಎಲೆ ಬಿತ್ತು, ಯಾರೂ ಚಕಾರ ಎತ್ತಲಿಲ್ಲ.

ಕಳೆದ ಚಳಿಗಾಲದಲ್ಲಿ ಅತ್ತೆ ಹೋದರು. ಮೂರು ದಿನದ ಜ್ವರ, ಆಮೇಲೆ ಹಾಸನದ ಆಸ್ಪತ್ರೆ. ಮೂಗಿಗೆ ಆಕ್ಸಿಜನ್ ಹಾಕಲು ಬೊಟ್ಟು ತೆಗೆಯಬೇಕು ಅಂತ ನರ್ಸು ಅಂದಾಗ, ಆ ಸುಸ್ತಿನಲ್ಲೂ ಕಣ್ಣು ಬಿಟ್ಟು ಅವಳನ್ನು ಒಂದು ಸಲ ನೋಡಿದರು. ಆಮೇಲೆ ತಾವೇ ನಿಧಾನವಾಗಿ ತಿರುಪು ಬಿಚ್ಚಿ ನನ್ನ ಅಂಗೈಯಲ್ಲಿಟ್ಟು, ಮಡಿಕ್ಕೊ ಅಂದರು. ಮತ್ತೆ ಮಾತಾಡಲಿಲ್ಲ.

ಈ ಸಲದ ಹಬ್ಬಕ್ಕೆ ಎಡೆ ಇಟ್ಟವಳು ನಾನು. ಮಾವನ ಎಲೆಗೆ ಕಡಲೆಬೀಜ, ಅಮ್ಮನ ಎಲೆಗೆ ಅವಲಕ್ಕಿ, ಅತ್ತೆಯ ಎಲೆಗೆ ಬೇಕರಿಯ ಖಾರಾಬನ್ನು. ಬಿಸಿಯಾಗಿರುವಾಗಲೇ ತರಲಿ ಅಂತ ಗಂಡನನ್ನು ಕೊನೇ ಗಳಿಗೆಯಲ್ಲಿ ಓಡಿಸಿದ್ದೆ. ಧೂಪ ಹಾಕಿ ಬಾಗಿಲು ಮುಚ್ಚಿ ಹೊರಗೆ ಕೂತೆವು. ಮನೆ ತುಂಬ ಜನ, ಎಲ್ಲರೂ ಹಸಿದಿದ್ದರು. ನಾನು ಬಾಗಿಲಿಗೆ ಕಿವಿಗೊಟ್ಟು ಕೂತಿದ್ದೆ. ಒಳಗೆ ಒಂದು ಸದ್ದಿಲ್ಲ.

ಹೊತ್ತಾಯಿತು ಅಂದರು. ಬಾಗಿಲು ತಟ್ಟಿ ತೆರೆದೆ. ಎಲ್ಲ ಇಟ್ಟ ಹಾಗೇ ಇತ್ತು. ಖಾರಾಬನ್ನಿನ ಮೇಲೆ ಒಂದು ಇರುವೆಯೂ ಬಂದಿರಲಿಲ್ಲ. ಅತ್ತೆ ವರ್ಷ ವರ್ಷ ಮಾವನ ಎಲೆಯನ್ನು ನೋಡಿ ಏನು ಅನುಭವಿಸಿದ್ದರು ಅಂತ ನನಗೆ ಆ ಹೊಸಿಲ ಮೇಲೆ ನಿಂತಾಗ ಗೊತ್ತಾಯಿತು. ಹಿಂದಿನಿಂದ ನನ್ನ ಗಂಡ, ಎಲೆ ಎತ್ತು, ಎಲ್ಲರೂ ಕಾಯುತ್ತಿದ್ದಾರೆ ಅಂದರು.

“ಇನ್ನೊಂಚೂರು ಇರ್ರಿ” ಅಂದೆ. ಬಾಗಿಲನ್ನು ಮತ್ತೆ ಮುಚ್ಚಿ ಅದರ ಮುಂದೆ ಕೂತೆ.